ಗಿರಿಜಾಳ ತೂಕದ ಬೆಲ್ಲ

ಶ್ರಾವಣದ ಕೊನೆಯ ಸೋಮವಾರ, ಬೆಳಗಿನ ಆರು ಗಂಟೆ. ಸ್ಥಳ, ಮುಂಡಗೋಡಿನ ಹತ್ತಿರದ ನಮ್ಮೂರು ಇಂದೂರಿನಲ್ಲಿ ನನ್ನ ತಂಗಿ ಗಿರಿಜಾಳ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಗೆಳತಿ ಫಿಲೋಮಿನಾ ಬಾಯಿ ಮತ್ತು ಹಳಿಯಾಳದ ಕಡೆಯ ಗಾಣದಿಂದ ತರಿಸಿದ ಎರಡು ಗೋಣಿಚೀಲ ಬೆಲ್ಲ. ಹಾಜರಿರಲೇಬೇಕಾಗಿದ್ದ ಗಿರಿಜಾ ಮಾತ್ರ ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು ಕುಳಿತಿದ್ದಳು.

"ಗುಡಿಯಾಗ ತಕ್ಕಡಿ ಕಟ್ಯಾರ. ಅಯ್ಯನವರು ಕಾಯಾಕತ್ತಾರ. ಹೊರಗ ಬಾ," ಅಂದೆ.

"ಇದೊಂದು ಶ್ರಾವಣ ಹೋಗ್ಲಿ ಅಕ್ಕಾ. ಸ್ವಲ್ಪ ಇಳಿಸ್ಕೊಂಡು ಮುಂದಿನ ವರ್ಷ ಕುಂದ್ರತೇನಿ."

"ಹೋದ ಶ್ರಾವಣಾನೂ ಹಿಂಗ ಅಂದಿದ್ರಿ," ಎಂದು ಫಿಲೋಮಿನಾ ಬಾಗಿಲಿಗೆ ಬಾಯಿ ಹಚ್ಚಿ ಹೇಳಿದಳು. "ಆವಾಗ ಕುಂತಿದ್ರ ಇಷ್ಟು ಬೆಲ್ಲ ಹೊರೂದು ತಪ್ಪತಿತ್ತು."

ಒಳಗಿನಿಂದ ಮೂಗು ಏರಿಸಿದ ಸಪ್ಪಳ ಬಂತು.

ಸಂಗತಿ ಇಷ್ಟೇ. ಗಿರಿಜಾಳ ಮಗಳ ಕೂಸು ಜ್ವರದಿಂದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ, ಇವಳು ಆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನಮ್ಮೂರ ಬಸವಣ್ಣನಿಗೆ ಹರಕೆ ಹೊತ್ತಳು. ಕೂಸು ಉಳಿದರೆ ನನ್ನ ತೂಕದ ಬೆಲ್ಲ ಕೊಡುತ್ತೇನೆ ಎಂದು. ಬುದ್ಧಿವಂತರಾದರೆ ಕೂಸಿನ ತೂಕದ ಬೆಲ್ಲ ಎನ್ನುತ್ತಿದ್ದರು. ಆದರೆ ಆ ಗಳಿಗೆಯಲ್ಲಿ ಅವಳಿಗೆ ತನ್ನಲ್ಲಿ ಇರುವ ದೊಡ್ಡದನ್ನು ಕೊಡಬೇಕೆನಿಸಿತಂತೆ. ಕೂಸು ಉಳಿಯಿತು. ಈಗ ಅದು ಹಳಿಯಾಳದಲ್ಲಿ ಅಂಗಳದ ಕೋಳಿಗಳನ್ನು ಅಟ್ಟಿಕೊಂಡು ಓಡುತ್ತದೆ. ಹರಕೆ ಮಾತ್ರ ಉಳಿದುಬಿಟ್ಟಿತು. ಗುಡಿಯ ತೊಲೆಗೆ ಕಟ್ಟಿದ ತಕ್ಕಡಿಯಲ್ಲಿ ಊರ ಮುಂದೆ ಕುಳಿತು, ಎದುರಿನ ಹಲಗೆಯ ಮೇಲೆ ಒಂದೊಂದೇ ಬೆಲ್ಲದ ಪೆಂಟೆ ಇಡುವುದನ್ನು ನೋಡಬೇಕಲ್ಲ. ಆ ನಾಚಿಕೆಗೆ ಅವಳು ಪ್ರತಿ ಶ್ರಾವಣವೂ ಒಂದು ನೆವ ಹೇಳಿದಳು. ಹರಕೆ ತೀರಲಿಲ್ಲ ಎಂಬ ಅಂಜಿಕೆ ಬೇರೆ. ಹಳಿಯಾಳದಲ್ಲಿ ಕೂಸು ಸೀನಿದರೆ ಇಲ್ಲಿ ಇವಳ ಎದೆ ಝಲ್ಲೆನ್ನುತ್ತಿತ್ತು.

ಬೆಲ್ಲದ ವಾಸನೆಗೆ ನನಗೆ ನಮ್ಮವ್ವನ ನೆನಪಾಗುತ್ತದೆ. ಗಿರಿಜಾ ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳು. ಹಾಲು ಕುಡಿಯುವುದಕ್ಕೂ ಶಕ್ತಿಯಿರಲಿಲ್ಲ. ಹಾಲಿನಲ್ಲಿ ಬತ್ತಿ ಅದ್ದಿ ಬಾಯಿಗೆ ಹಿಂಡುತ್ತಿದ್ದರು. ಅವ್ವ ಆಗ ಇದೇ ಗುಡಿಯಲ್ಲಿ, ಮಗಳು ಬದುಕಿದರೆ ಅವಳ ತೂಕದ ಬೆಲ್ಲ ಎಂದು ಬೇಡಿಕೊಂಡಳು. ಮಗಳು ಬದುಕಿದಳು. ಆದರೆ ಅವ್ವ ಕೂಡಲೇ ತೂಗಿಸಲಿಲ್ಲ. ಇಷ್ಟು ಹಗುರಾದ ಕೂಸನ್ನು ತೂಗಿಸಿದರೆ ದೇವರಿಗೆ ಒಂದು ಹಿಡಿ ಬೆಲ್ಲವೂ ಸಿಗುವುದಿಲ್ಲ, ಅದು ಕೃಪಣತನ ಎಂದು, ಒಂದು ಸುಗ್ಗಿ ಕಳೆಯುವವರೆಗೆ ಅವಳಿಗೆ ತುಪ್ಪದನ್ನ, ಅಂಬಲಿ, ಹಾಲು, ಮಿದ್ದಿದ ಬಾಳೆಹಣ್ಣು ಉಣಿಸಿ ಉಣಿಸಿ, ಕೆನ್ನೆ ಉಬ್ಬಿದ ಮೇಲೆ ತೂಗಿಸಿದಳು. ಹಲಗೆ ಏಳಲಿಲ್ಲವೆಂದು ಮತ್ತೊಂದು ಪೆಂಟೆ ಇಟ್ಟಾಗ ಅವ್ವನ ಮುಖ ನೋಡಬೇಕಿತ್ತು. ನಾನು ಕಂಬ ಹಿಡಿದು ನಿಂತಿದ್ದೆ. ನನಗೆ ಯಾವ ರೋಗವೂ ಬಂದಿರಲಿಲ್ಲವಾದ್ದರಿಂದ ನನ್ನನ್ನು ಯಾರೂ ಎಂದೂ ತೂಗಿಸಿರಲಿಲ್ಲ. ಬಹಳ ಹೊಟ್ಟೆ ಉರಿಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಗಿರಿಜಾಳ ತಾಟು ಬರಿದಾಗಿರುವುದನ್ನು ಯಾರೂ ಸಹಿಸುತ್ತಿರಲಿಲ್ಲ. "ತುಸು ಉಣ್ಣವ್ವ, ನೀ ಉಳದಾಕಿ," ಎನ್ನುವುದು ಅಜ್ಜಿಯ ಮಾತು. ಉಂಡರೆ ಜೀವ, ಬಿಟ್ಟರೆ ಸಾವು ಎಂದು ಕಲಿತ ಹುಡುಗಿಗೆ ಅರವತ್ತು ತುಂಬುವ ಹೊತ್ತಿಗೆ ಡಾಕ್ಟರು ಕಡಿಮೆ ಉಣ್ಣು ಎಂದರೆ ಅದು ಬರಿಯ ಪಥ್ಯವೇ? ನೀವೇ ಹೇಳಿ.

ನಾನು ಮುಂಡಗೋಡಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕವಾಯತು ಕಲಿಸಿದವಳು. ಇಂದಿಗೂ ಐದಕ್ಕೆ ಏಳುತ್ತೇನೆ, ಹಾಸಿಗೆ ಸುತ್ತುತ್ತೇನೆ, ಅಂಗಳ ಗುಡಿಸುತ್ತೇನೆ, ಆಮೇಲೆ ಬಿರಬಿರನೆ ನಡೆದು ಬರುತ್ತೇನೆ. ನನ್ನ ಮೈ ಕಡ್ಡಿಯಂತಿರುವುದಕ್ಕೆ ಇದೇ ಕಾರಣವೆಂದು ನನಗೆ ಖಾತ್ರಿಯಿತ್ತು. ನನ್ನ ಜೊತೆಯೇ ಗಣಿತ ಕಲಿಸಿ, ನನ್ನ ಹಿಂದೆಯೇ ನಿವೃತ್ತಳಾಗಿ, ನಮ್ಮ ಓಣಿಯಲ್ಲೇ ಮನೆ ಕಟ್ಟಿಸಿಕೊಂಡ ಫಿಲೋಮಿನಾ ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳು. ಯಾವ ಖಾತ್ರಿಯನ್ನೂ ಬಹಳ ಹೊತ್ತು ಉಳಿಯಗೊಡುವುದಿಲ್ಲ.

"ನಿಮ್ಮಪ್ಪನ ಫೋಟೋ ನೋಡೇನ್ರಿ. ಕಡ್ಡಿ. ಅವರಪ್ಪನ ಫೋಟೋನೂ ನೋಡೇನಿ. ಅವರು ಇನ್ನೂ ಸಣ್ಣ ಕಡ್ಡಿ. ಅವರೇನು ಸೀಟಿ ಊದತಿದ್ರೇನ್ರಿ ಬಾಯಾರ?"

ನಾನು ಅಪ್ಪನ ಕಡೆಯವಳು. ಗಿರಿಜಾ ಅವ್ವನ ಕಡೆಯ ಮೈಕಟ್ಟು. ಒಂದೇ ಒಲೆಯ ಅಡಿಗೆ ಉಂಡು ಬೆಳೆದೆವು. ನಾನು ಎರಡನೇ ಸಲ ಬಡಿಸಿಕೊಂಡದ್ದು ಎಲ್ಲಿ ಹೋಗುತ್ತಿತ್ತೋ, ಅವಳು ಒಂದು ತುತ್ತು ಬಿಟ್ಟದ್ದು ಕೂಡ ಅವಳ ಮೈಗೆ ಗೊತ್ತಾಗುತ್ತಿರಲಿಲ್ಲ. ಆದರೂ ಬೀದಿಯಲ್ಲಿ ನನ್ನನ್ನು ಕಂಡವರು "ಬಾಯಾರದು ಎಂಥ ಶಿಸ್ತು" ಎಂದರು. ಅವಳನ್ನು ಕಂಡವರು "ಬಾಯಿ ಕಟ್ಟಬೇಕ್ರಿ" ಎಂದರು.

ಗಿರಿಜಾ ಬಾಯಿ ಕಟ್ಟಲಿಲ್ಲವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮೊದಲು ಅನ್ನ ಬಿಟ್ಟಳು. ಬತ್ತ ಬೆಳೆಯುವ ನಾಡಿನಲ್ಲಿ, ತಮ್ಮದೇ ಗದ್ದೆಯ ಅಕ್ಕಿ ಮೂಲೆಯಲ್ಲಿ ಇಟ್ಟುಕೊಂಡು, ಅನ್ನವೇ ವೈರಿ ಎಂದಳು. ರೊಟ್ಟಿ ತಿಂದರೆ ಮೈ ಬರುವುದಿಲ್ಲವೆಂದು ಯಾರೋ ಹೇಳಿದ್ದರು. ರೊಟ್ಟಿಗೆ ಜೊತೆ ಬೇಕಲ್ಲ. ಶೇಂಗಾ ಹಿಂಡಿ, ಅದರ ಮೇಲೆ ಎಣ್ಣೆ, ಎಣ್ಣೆ ಉಷ್ಣವೆಂದು ಬೆಣ್ಣೆ, ಬೆಣ್ಣೆ ಮುಗಿಯಲಿಲ್ಲವೆಂದು ಇನ್ನರ್ಧ ರೊಟ್ಟಿ. ಅನ್ನಕ್ಕೂ ರೊಟ್ಟಿಗೂ ನಡುವೆ ಅಂಥ ಜಾತಿಭೇದವೇನೂ ಇಲ್ಲ, ಎಷ್ಟು ಮತ್ತು ಯಾತರ ಜೊತೆ ಎಂಬುದೇ ಲೆಕ್ಕ ಎಂಬುದು ಅವಳಿಗೂ ತಡವಾಗಿ ತಿಳಿಯಿತು, ನನಗೂ.

ಆಮೇಲೆ ಸೋಮವಾರದ ಒಪ್ಪತ್ತು. ಉಪವಾಸವೆಂದರೆ ನಮ್ಮಲ್ಲಿ ಒಲೆಗೆ ಹೆಚ್ಚು ಕೆಲಸದ ದಿನ. ಸಾಬೂದಾಣಿ ಖಿಚಡಿ, ಕರಿದ ಬಟಾಟಿ, ಶೇಂಗಾ ಉಂಡಿ, ಬಾಳೆಹಣ್ಣು, ಕೆನೆ ಹಾಲು. ಇಷ್ಟನ್ನು ಹಗಲೆಲ್ಲ ತಿಂದು ಸಂಜೆ "ಇವತ್ತ ಏನೂ ಉಂಡಿಲ್ಲ" ಎಂದು ಸುಸ್ತಾಗಿ ಕೂಡುವುದು. ಉಂಡಿಲ್ಲ ಎಂಬುದು ಸುಳ್ಳಲ್ಲ. ಊಟ ಅಂದರೆ ನಮಗೆ ರೊಟ್ಟಿ ಮತ್ತು ಅನ್ನ. ಉಳಿದದ್ದು ಲೆಕ್ಕಕ್ಕಿಲ್ಲ.

ಜೇನು ನಿಂಬೆ ಹಾಕಿದ ಬಿಸಿನೀರಿನ ಕಾಲವೂ ಒಂದಿತ್ತು. ಬಾಣಲೆಯ ತುಪ್ಪದಂತೆ ಕೊಬ್ಬು ಕರಗುತ್ತದೆ ಎಂದು ಗಿರಿಜಾ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದಳು.

"ಕರಗಿ ಎಲ್ಲಿ ಹೋಗ್ತೈತ್ರೀ ಅದು?" ಎಂದು ಫಿಲೋಮಿನಾ ಕೇಳಿದಳು.

ಗಿರಿಜಾ ಬಹಳ ಯೋಚಿಸಿ, "ಹೋಗ್ಲಿ ಬಿಡ್ರಿ ಟೀಚರ, ಎಲ್ಲೆರ ಹೋಗ್ಲಿ. ನನಗ ಅದರ ವಿಳಾಸ ಯಾಕ ಬೇಕು," ಅಂದಳು.

ಬೇಸಿಗೆಯಲ್ಲಿ ಗಂಡನ ಉಣ್ಣೆಯ ಸ್ವೆಟರು ಹಾಕಿಕೊಂಡು ಅತ್ತಿವೇರಿ ಕೆರೆಯ ಏರಿಯ ಮೇಲೆ ನಡೆದದ್ದಂತೂ ಮರೆಯುವ ಹಾಗಿಲ್ಲ. ಬೆವರಿದಷ್ಟೂ ತೂಕ ಇಳಿಯುತ್ತದೆಂದು ಅವಳ ಓಣಿಯ ಶಾಸ್ತ್ರ. ನೀರಿನಲ್ಲಿ ಒಂಟಿಗಾಲಲ್ಲಿ ನಿಂತ ಕೊಕ್ಕರೆಗಳು ಕತ್ತು ಹೊರಳಿಸಿ ಇವಳನ್ನು ನೋಡುತ್ತಿದ್ದವು. ಮನೆಗೆ ಬಂದು ತೂಗಿಕೊಂಡರೆ ನಿಜಕ್ಕೂ ಇಳಿದಿತ್ತು. ಖುಷಿಗೆ ಒಂದು ತಂಬಿಗೆ ನೀರು ಕುಡಿದಳು. ಇಳಿದದ್ದು ಮರಳಿ ಬಂತು. ಹೋದದ್ದೂ ನೀರು, ಬಂದದ್ದೂ ನೀರು.

ಇವೆಲ್ಲ ನಗುವ ಮಾತಾಯಿತು. ಹೋದ ವರ್ಷದ್ದು ನಗುವಂಥದಲ್ಲ. ಶ್ರಾವಣ ಬರುವಷ್ಟರಲ್ಲಿ ಇಳಿಯಲೇಬೇಕೆಂದು ಅವಳು ಹಣ್ಣು ಮತ್ತು ಬಿಸಿನೀರಿನ ಮೇಲೆ ನಿಂತಳು. ನಿಜವಾಗಿ ಇಳಿದಳು. ಕುಪ್ಪಸಗಳ ಹೊಲಿಗೆ ಒಳಗೆ ಹಿಡಿಸಿದಳು. ಕಂಡವರೆಲ್ಲ ಹೊಗಳಿದರು. ಅವಳ ಕೂದಲು ಉದುರುತ್ತಿದ್ದುದು, ನಿಂತಲ್ಲಿ ಕಣ್ಣು ಕತ್ತಲೆ ಬರುತ್ತಿದ್ದುದು ಹೊಗಳಿದವರಿಗೆ ಕಾಣಲಿಲ್ಲ. ಅಷ್ಟರಲ್ಲಿ ಎದುರು ಮನೆಯ ನಿಂಗವ್ವಜ್ಜಿ, ಕೆಟ್ಟದ್ದನ್ನು ಬಯಸದೆ, ಒಂದು ಮಾತು ತೇಲಿಬಿಟ್ಟಳು.

"ಹರಕಿ ಹೊತ್ತಾಗ ಇದ್ದ ತೂಕ ಬ್ಯಾರೆ, ಈಗ ಕೊಡೂ ತೂಕ ಬ್ಯಾರೆ. ದೇವರ ಬೆಲ್ಲ ಕದ್ದಂಗ ಆಗೂದಿಲ್ಲೇನ ಗಿರಿಜವ್ವ?"

ಅಂದು ರಾತ್ರಿಯೇ ಗಿರಿಜಾ ಹೋಳಿಗೆ ತಿಂದಳು. ಒಂದು ಕಡೆ ಜನರ ನಗೆ, ಇನ್ನೊಂದು ಕಡೆ ದೇವರ ಬಾಕಿ. ಇಳಿದರೆ ಕಳ್ಳತನ, ಏರಿದರೆ ನಾಚಿಕೆ. ಇಂಥ ಇಕ್ಕಟ್ಟಿನಲ್ಲಿ ಯಾರ ಮೈ ತಾನೇ ಒಂದು ಕಡೆ ನಿಂತೀತು? ಹೋದದ್ದೆಲ್ಲ ಬಂತು. ಬರುವಾಗ ಬೀಗರಂತೆ ಇನ್ನೂ ನಾಲ್ಕು ಮಂದಿಯನ್ನು ಕರೆದುಕೊಂಡು ಬಂತು.

ಹುಬ್ಬಳ್ಳಿಯ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋದವಳು ನಾನೇ. ಮಂಡಿಗಾಗಿ ಹೋದದ್ದು. ಆ ಹೆಣ್ಣುಮಗಳು ಬೈಯಲಿಲ್ಲ. ಮೈಯನ್ನು ಉಪವಾಸ ಕೆಡವಿದರೆ ಅದು ಹೆದರುತ್ತದೆ, ಹೆದರಿದ ಮೈ ಖರ್ಚು ಕಡಿಮೆ ಮಾಡಿ ಹಸಿವು ಹೆಚ್ಚು ಮಾಡುತ್ತದೆ ಎಂದು ತಿಳಿಸಿ ಹೇಳಿದಳು. ನನಗೆ ಕೂಡಲೇ ನಮ್ಮಜ್ಜಿಯ ಹಗೇವು ನೆನಪಾಯಿತು. ಒಂದು ವರ್ಷ ಕಾಳು ಕಡಿಮೆ ಬಿದ್ದಿತೆಂದರೆ, ಮರುವರ್ಷ ಅಂಗಳಕ್ಕೆ ಬಂದ ಮೊದಲ ಚೀಲವನ್ನು ಅಜ್ಜಿ ನೆಲದೊಳಗಿನ ಹಗೇವಿಗೆ ಸುರಿಯುತ್ತಿದ್ದಳು. ಮಕ್ಕಳು ಕೇಳಿದರೂ ಕೊಡುತ್ತಿರಲಿಲ್ಲ. ಮೈಯೂ ಒಬ್ಬಳು ಹಳೆಯ ಕಾಲದ ಅಜ್ಜಿಯೇ. ಅವಳಿಗೆ ಬರದ ಸುಳಿವು ಕೊಟ್ಟರೆ ಹಗೇವು ತುಂಬಿಸುತ್ತಾಳೆ. ಅದರಲ್ಲಿ ಗಿರಿಜಾಳ ಮನೋಬಲದ ಪ್ರಶ್ನೆ ಎಲ್ಲಿ ಬಂತು?

"ಕಡ್ಡಿ ಆಗೂದು ಬ್ಯಾಡ್ರಿ," ಅಂದಿದ್ದಳು ಡಾಕ್ಟರು. "ತುಸು ಇಳೀಲಿ, ಇಳಿದದ್ದು ಉಳೀಲಿ. ಹೊತ್ತಿಗೆ ಸರಿ ಉಣ್ರಿ, ದಿನಾ ನಡೀರಿ. ಇವತ್ತ ಮಾಡಿದ್ದು ಮುಂದಿನ ವರ್ಷಾನೂ ಮಾಡಾಕ ಆಗುವಂಗ ಇರ್ಲಿ."

ಬಸ್ಸಿನಲ್ಲಿ ಬರುವಾಗ ಗಿರಿಜಾ ಕಿಟಕಿಯ ಕಡೆ ನೋಡುತ್ತ, "ಅಂದ್ರ ಇದು ಮುಗಿಯೂ ಕೆಲಸ ಅಲ್ಲ," ಅಂದಳು.

"ಕಸಾ ಹೊಡಿಯೂದು ಮುಗೀತೈತೇನು?" ಅಂದೆ.

ಬಹಳ ಒಳ್ಳೆಯ ಮಾತು ಹೇಳಿದೆನೆಂದು ನನಗೆ ನಾನೇ ಮೆಚ್ಚಿಕೊಂಡೆ. ಅವಳು ಮರುದಿನದಿಂದ ಹೊರಗೆ ಬರುವುದನ್ನೇ ಬಿಟ್ಟಳು. ಮುಗಿಯದ ಕೆಲಸದ ಸುದ್ದಿ ಹೇಳಿ ಯಾರನ್ನೂ ಹುರಿದುಂಬಿಸಲು ಆಗುವುದಿಲ್ಲ ಎಂದು ಕವಾಯತಿನ ಮೈದಾನದಲ್ಲೇ ಕಲಿಯಬಹುದಿತ್ತು.

ಮಳೆಗಾಲ ಶುರುವಾದಾಗಿನಿಂದ ಅವಳು ಓಣಿಗೆ ಕಾಲಿಟ್ಟಿರಲಿಲ್ಲ. ಗುಡಿಯಿಲ್ಲ, ಸಂತೆಯಿಲ್ಲ. ಮಾತಾಡಿಸಲು ಬಂದವರಿಗೆ ಮಂಡಿ ನೋವೆಂದು ಹೇಳಿಸುತ್ತಿದ್ದಳು. ಇದೊಂದು ಶ್ರಾವಣ ಕೂಡ ತಪ್ಪಿದರೆ ಅವಳು ಶಾಶ್ವತವಾಗಿ ಒಳಗೇ ಉಳಿದುಬಿಡುತ್ತಾಳೆ ಎಂಬ ಅಂಜಿಕೆ ನನ್ನದು. ಅದಕ್ಕೇ ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ, ಅವಳು ಹೇಳಿದ ತೂಕಕ್ಕೆ ಬೆಲ್ಲ ತರಿಸಿದ್ದು. ಈಗ ಚಿಲಕ.

ಮತ್ತೆ ಆ ಬಾಗಿಲಿಗೇ ಬರೋಣ. ಗಿರಿಜಾಳ ಗಂಡ ಈರಪ್ಪ ಗುಡಿಯಿಂದ ಎರಡು ಸಲ ಬಂದು ಹೋದ. ಮೂರನೇ ಸಲ ಬಾಯಿ ತೆರೆಯಲಿದ್ದವನನ್ನು ಕೈಸನ್ನೆಯಲ್ಲಿ ತಡೆದು ನಾನು ಹೇಳಿದೆ.

"ಆತು, ನೀ ಬರಬ್ಯಾಡ. ನಿನ್ನ ಬದಲಿ ನಾ ಕುಂದ್ರತೇನಿ. ಒಡಹುಟ್ಟಿದಾಕಿ ಅಲ್ಲೇನು, ನಡೀತೈತಿ."

ಒಳಗೆ ಮಂಚ ಕಿರುಗುಟ್ಟಿತು.

"ನೀ ಕುಂತ್ರ ದೇವರಿಗೆ ಏನ್ ಮುಟ್ಟತೈತಿ? ಎರಡು ಪೆಂಟಿ ಇಟ್ರ ನೀ ಹಾರಿ ತೊಲಿಗೆ ಬಡೀತಿ."

"ಮುಟ್ಟಿದಷ್ಟು ಮುಟ್ಟತೈತಿ. ಫಿಲೋಮಿನಾ ಬಾಯಿ, ನಡೀರಿ ಹೋಗೂಣು."

"ನಾನೂ ಬಾಯಾರ ಜೋಡಿ ಕುಂದ್ರಲೇನ್ರಿ ಗಿರಿಜಕ್ಕಾ?" ಎಂದು ಫಿಲೋಮಿನಾ ಸೇರಿಸಿದಳು. "ಇಬ್ಬರೂ ಕೂಡಿದ್ರ ಒಬ್ಬ ಮನಷಾರ ಆದೇವು. ನಿಮ್ಮ ದೇವರು ನನ್ನ ಚರ್ಚಿಗೇನು ಚಾಡಿ ಹೇಳಾಕ ಹೋಗೂದಿಲ್ಲ."

ಚಿಲಕ ತೆರೆಯಿತು. ಗಿರಿಜಾ ಆಗಲೇ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡಿದ್ದಳು. ಕಣ್ಣು ಕೆಂಪಾಗಿದ್ದವು. "ಹರಕಿ ನಂದು," ಅಂದಳು. "ದೇವರಿಗೆ ಕಡಿಮಿ ಕೊಟ್ಟು ಕೂಸಿನ ಮ್ಯಾಲೆ ತರಬ್ಯಾಡ್ರಿ."

ಗುಡಿಯಲ್ಲಿ ಅರ್ಧ ಓಣಿ ನೆರೆದಿತ್ತು. ಮಂಡಿ ಮಡಚುವುದಿಲ್ಲವೆಂದು ಹಲಗೆಯ ಮುಂದೆ ಒಂದು ಸ್ಟೂಲು ಇಟ್ಟು, ನಾನು ಒಂದು ಕೈ, ಈರಪ್ಪ ಒಂದು ಕೈ ಹಿಡಿದು ಅವಳನ್ನು ಮೊದಲು ಅದರ ಮೇಲೆ, ಆಮೇಲೆ ಹಲಗೆಯ ಮೇಲೆ ಕೂಡಿಸಿದೆವು. ತೊಲೆ ಒಮ್ಮೆ ಸಣ್ಣಗೆ ನರಳಿತು. ಗಿರಿಜಾ ಸರಪಳಿ ಹಿಡಿದುಕೊಂಡು ನೆಲ ನೋಡುತ್ತ ಕುಳಿತಳು. ಅಯ್ಯನವರು ಮಂತ್ರ ಹೇಳುತ್ತ ಪೆಂಟೆ ಇಡತೊಡಗಿದರು. ಮೊದಲ ಚೀಲ ಬರಿದಾಯಿತು. ಎರಡನೆಯದು ಅರ್ಧವಾಯಿತು. ಅದೂ ಬರಿದಾಯಿತು. ಗಿರಿಜಾಳ ಹಲಗೆ ನೆಲ ಬಿಟ್ಟು ಮೇಲೇಳಲಿಲ್ಲ.

ನಾನು ಎಲ್ಲವನ್ನೂ ಅಳೆದು ತರುವವಳು. ಅವಳ ಮುಖ ನೋಡಿದೆ. ಅವಳು ಬಹಳ ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದಳು.

"ನಾ ಹೇಳಿದ್ದು ಹೋದ ವರ್ಷ ಇಳದಾಗಿನ ತೂಕ ಅಕ್ಕಾ."

ಅಂಗಡಿಗೆ ಓಡೋಣವೆಂದರೆ ಸೋಮವಾರ ಅಂಗಡಿ ತೆರೆಯುವುದು ತಡ. ನೆರೆದವರ ಕಣ್ಣೆಲ್ಲ ಅವಳ ಹಲಗೆಯ ಮೇಲಿದ್ದವು. ಎರಡು ವರ್ಷದಿಂದ ಅವಳು ಹೆದರಿದ್ದ ಗಳಿಗೆ ಅದೇ. ಅವಳ ಕೆನ್ನೆ ಬಿಳುಪೇರಿತು. ಅವಳು ಪೂರಾ ಹಗುರಾಗಲು ಯತ್ನಿಸುವವಳಂತೆ ಉಸಿರು ಬಿಗಿಹಿಡಿದು, ತುದಿಗಾಲಿನಿಂದ ನೆಲ ಒತ್ತತೊಡಗಿದ್ದಳು.

"ಏ ಗಿರಿಜವ್ವ, ಕಾಲ ಎತ್ತು," ಎಂದಳು ಕಂಬಕ್ಕೆ ಒರಗಿದ್ದ ನಿಂಗವ್ವಜ್ಜಿ. "ಸೀದಾ ಕುಂದ್ರು. ಹಗುರ ಆಗಬ್ಯಾಡ. ನಮ್ಮ ಪಾಲಿನ ಪ್ರಸಾದ ಕಡಿಮಿ ಮಾಡ್ತೀಯೇನು?"

ಯಾರೋ ಕಿಸಕ್ಕೆಂದರು. ಆಮೇಲೆ ನಾಲ್ಕು ಜನ. ಅದು ಅವಳ ಮೈ ನೋಡಿ ನಕ್ಕ ನಗೆಯಾಗಿರಲಿಲ್ಲ. ನಿಂಗವ್ವಜ್ಜಿ ಕೋಲೂರಿ ಎದ್ದು, "ತಡೀರಿ, ನಮ್ಮನ್ಯಾಗೊಂದು ಪೆಂಟಿ ಐತಿ," ಎಂದು ಹೊರಟಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಗಿರಿಜಾ ಗಾಬರಿಯಾದಳು.

"ಬ್ಯಾಡ್ರಿ, ಹರಕಿ ನಂದು. ಮಂದಿ ಬೆಲ್ಲ ಇಟ್ರ ನಡೀತೈತೇನ್ರಿ ಅಯ್ಯನವರ?"

ಅಯ್ಯನವರಿಗೆ ವಯಸ್ಸಾಗಿದೆ. ಮಾತು ಕಡಿಮೆ. ಕೈಗೆ ಅಂಟಿದ ಬೆಲ್ಲವನ್ನು ಧೋತರದ ಅಂಚಿಗೆ ಒರೆಸಿಕೊಳ್ಳುತ್ತ ಅವರು ಹೇಳಿದರು.

"ಈ ತೂಕ ನಿನಗ ಯಾರು ಕೊಟ್ರವ್ವ? ನಿಮ್ಮವ್ವ ಕೊಟ್ಲು, ಅಜ್ಜಿ ಕೊಟ್ಲು, ಈ ಓಣಿ ಹೆಣ್ಣುಮಕ್ಕಳು ಹಬ್ಬಹುಣ್ಣಿವಿಗೆ ಉಣಿಸ್ಯಾರ. ನಿನ್ನೊಬ್ಬಾಕಿದ ಹೆಂಗಾತು? ಇಡ್ಲಿ ಬಿಡು."

ನಿಂಗವ್ವಜ್ಜಿ ತಂದ ಪೆಂಟೆಗೆ ಒಂದು ಕಡೆ ಇರುವೆ ಮುತ್ತಿದ್ದವು. ಊದಿ ಇಟ್ಟಳು. ಒಬ್ಬಳು ಹೋಳಿಗೆಗೆಂದು ಕುಟ್ಟಿಟ್ಟ ಬೆಲ್ಲವನ್ನು ಡಬ್ಬಿಯ ಸಮೇತ ತಂದಿದ್ದಳು. ಡಬ್ಬಿ ಬೇಡ ಎಂದು ಅಯ್ಯನವರು ಎತ್ತಿಡಿಸಿದರು. ಫಿಲೋಮಿನಾ ತನ್ನ ಮನೆಯಿಂದ ಒಂದು ಅಚ್ಚು ಬೆಲ್ಲ ತಂದು, ಯಾರನ್ನೂ ಕೇಳದೆ, ಎಲ್ಲಕ್ಕಿಂತ ಮೇಲೆ ಕೂಡಿಸಿದಳು. ಗಿರಿಜಾಳ ಹಲಗೆ ನೆಲ ಬಿಟ್ಟಿತು. ಅವಳ ಕಾಲು ಗಾಳಿಯಲ್ಲಿ ತೂಗಾಡಿದಾಗ ಅವಳಿಗೇ ಗೊತ್ತಿಲ್ಲದೆ ಒಂದು ನಗೆ ಬಂತು. ಅಳುವೂ ಬಂತು. ಎರಡನ್ನೂ ಸೆರಗಿನಿಂದ ಒರೆಸಿಕೊಂಡಳು.

ಇಳಿಸುವಾಗ ನನ್ನ ಭುಜದ ಮೇಲೆ ಪೂರಾ ಭಾರ ಬಿಟ್ಟಳು. ಬಿಡಲಿ ಎಂದುಕೊಂಡೆ.

ನಮ್ಮಲ್ಲಿ ಹರಕೆಯ ಬೆಲ್ಲವನ್ನು ಹರಕೆ ಹೊತ್ತವರೇ ಮನೆಮನೆಗೆ ಕೈಯಾರೆ ಮುಟ್ಟಿಸಬೇಕು. ಮಧ್ಯಾಹ್ನ ಬೆಲ್ಲ ಒಡೆದು ದೊಡ್ಡ ಬೋಗುಣಿಗೆ ತುಂಬಿ, ಅದನ್ನು ಹೊತ್ತುಕೊಂಡು ಈರಪ್ಪ ಮುಂದೆ, ಗಿರಿಜಾ ನಡುವೆ, ನಾವಿಬ್ಬರು ಹಿಂದೆ ಹೊರಟೆವು. ನನ್ನ ರೂಢಿಯ ನಡಿಗೆ ಅಂದು ನಡೆಯಲಿಲ್ಲ. ಎರಡು ಮನೆ ದಾಟಿದರೆ ಒಂದು ಕಟ್ಟೆ, ಕಟ್ಟೆಯ ಮೇಲೆ ಅವಳು ಮಂಡಿ ನೀವಿಕೊಂಡು ಕೂಡುವುದು, ಚಹಾ ಎಂದವರಿಗೆ ಅರ್ಧ ಕಪ್ಪು ಸಾಕು ಎನ್ನುವುದು, ಅವರ ಸೊಸೆಯ ಸುದ್ದಿ, ಎಮ್ಮೆಯ ಸುದ್ದಿ. ಮೈ ಬಗ್ಗೆಯೂ ಒಬ್ಬಿಬ್ಬರು ಆಡಿದರು. "ಬರಬರ್ತಾ ಇಳಿಸ್ತೇನ್ರಿ, ಅವಸರ ಇಲ್ಲ," ಎಂದು ಗಿರಿಜಾ ಅವರ ಕೈಯಲ್ಲೂ ಬೆಲ್ಲ ಇಟ್ಟಳು. ಹೀಗೆ ಕೂಡುತ್ತ ಏಳುತ್ತ ಊರೆಲ್ಲ ಆಯಿತು. ಅದು ನಡಿಗೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಕೊನೆಯ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಚಿಗಳ್ಳಿಯಿಂದ ಲಗ್ನವಾಗಿ ಬಂದ ಹೊಸ ಸೊಸೆಯ ಮನೆ ಅದು. ಗಿರಿಜಾ ಅವಳನ್ನು ಅಂದೇ ಮೊದಲು ಕಾಣುತ್ತಿದ್ದಳು. ಕಟ್ಟೆಯ ಮೇಲೆ ಕುಳಿತು, ತವರಿನಲ್ಲಿ ಯಾರ ಮನೆಯವಳು, ಎಷ್ಟು ಓದಿದ್ದಾಳೆ ಎಂದು ವಿಚಾರಿಸತೊಡಗಿದಳು. ನನಗೆ ಊಟದ ಹೊತ್ತು ಮೀರುತ್ತಿತ್ತು.

"ಏಳು ಗಿರಿಜಾ, ಹೊತ್ತಾತು," ಅಂದೆ.

ಅವಳು ತಿರುಗಿಯೂ ನೋಡಲಿಲ್ಲ. "ನೀ ಹೋಗಕ್ಕಾ. ನಾ ಆಮ್ಯಾಲೆ ಬರ್ತೇನಿ."

ಫಿಲೋಮಿನಾ ನನ್ನ ಮೊಣಕೈ ತಿವಿದಳು. ನಾವು ಹೊರಟೆವು. ಮನೆಗೆ ಬಂದು, ಬೋಗುಣಿಯ ತಳಕ್ಕೆ ಹತ್ತಿದ್ದ ಬೆಲ್ಲವನ್ನು ಬಿಸಿನೀರು ಹಾಕಿ ಬಿಡಿಸಿ, ತಿಕ್ಕಿ ತೊಳೆದು, ಹಿತ್ತಲ ಕಲ್ಲಿನ ಮೇಲೆ ಬೋರಲು ಹಾಕಿದೆ.